ಲೋಕಪಾಲರ ಪೊಲೀಸರು ಯಾರ ಪೊಲೀಸರು?

ನಮ್ಮೂರಿನ ತಾಲ್ಲೂಕು ಕಚೇರಿಯ ಪಡಸಾಲೆಯಲ್ಲಿ ಒಂದು ತಗಡಿನ ಬೋರ್ಡಿದೆ. ಲಂಚ ಕೇಳಿದರೆ ಇಲ್ಲಿಗೆ ದೂರು ಕೊಡಿ ಅಂತ ಮೇಲೆ ಬರೆದು, ಕೆಳಗೊಂದು ಕಚೇರಿಯ ಹೆಸರು, ಒಂದು ಫೋನ್ ನಂಬರು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಅಲೆಯುತ್ತಿದ್ದ ದಿನಗಳಲ್ಲಿ ಅದರ ಎದುರಿನ ಬೆಂಚಿನ ಮೇಲೆ ಕೂತೂ ಕೂತೂ ಆ ಬೋರ್ಡು ನನಗೆ ಬಾಯಿಪಾಠವಾಗಿಬಿಟ್ಟಿತ್ತು. ಮಧ್ಯಾಹ್ನ ಮೂರರ ಬಿಸಿಲು ಓರೆಯಾಗಿ ಬಿದ್ದರೆ ಬಣ್ಣದ ಅಡಿಯ ಬರಹವೂ ಕಾಣುತ್ತಿತ್ತು. ಮೇಲೆ ಹೊಸ ಬಣ್ಣದಲ್ಲಿ ‘ಲೋಕಾಯುಕ್ತ’. ಅದರಡಿ, ಅಳಿಸಿದರೂ ಪೂರ್ತಿ ಅಳಿಯದ ‘ಭ್ರಷ್ಟಾಚಾರ ನಿಗ್ರಹ ದಳ’. ಅದಕ್ಕೂ ಅಡಿಯಲ್ಲಿ ಏನಿತ್ತೆಂದು ಕೇಳಿದರೆ ಅಲ್ಲಿನ ಜವಾನ ನಕ್ಕು, ‘ಲೋಕಾಯುಕ್ತಾನೇ ಸಾರ್, ಮೊದಲಿಂದ ಅದೇ ಇತ್ತಲ್ಲ’ ಅಂದ.

ಕರ್ನಾಟಕದ ಇತ್ತೀಚಿನ ಇತಿಹಾಸದ ಒಂದು ಅಧ್ಯಾಯ ಆ ತಗಡಿನ ಮೇಲೆ ಮೂರು ಪದರ ಬಣ್ಣವಾಗಿ ಕೂತಿದೆ. 2016ರ ಮಾರ್ಚ್ 14ರಂದು ಹೊರಟ ಒಂದು ಸರ್ಕಾರಿ ಆದೇಶ ಲೋಕಾಯುಕ್ತದ ಪೊಲೀಸರ ಕೈಯಿಂದ ಲಂಚದ ಪ್ರಕರಣಗಳನ್ನು ಕಿತ್ತು ಹೊಸ ದಳಕ್ಕೆ ಕೊಟ್ಟಿತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿ ಎಲ್ಲವನ್ನೂ ಲೋಕಾಯುಕ್ತಕ್ಕೆ ಮರಳಿಸಿತು. ನಡುವಿನ ಆರು ವರ್ಷ ಲೋಕಾಯುಕ್ತರ ಕುರ್ಚಿ ಇತ್ತು, ಕಾನೂನು ಇತ್ತು, ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಕಚೇರಿಯೂ ಇತ್ತು. ಲಂಚಕೋರನನ್ನು ಹಿಡಿದು ತರುವ ಪೊಲೀಸರು ಮಾತ್ರ ಇರಲಿಲ್ಲ.

ದೇಶದ ಲೋಕಪಾಲದ ಬಗ್ಗೆ ಮಾತಾಡುವಾಗಲೆಲ್ಲ ನನಗೆ ಈ ಬೋರ್ಡು ನೆನಪಾಗುತ್ತದೆ. ಲೋಕಪಾಲಕ್ಕೆ ಅಧಿಕಾರ ಸಾಲದು ಎಂಬ ದೂರು ಹಳೆಯದು. ಕಾಯ್ದೆಯನ್ನು ಬಿಚ್ಚಿ ಓದಿದರೆ ಅಧಿಕಾರವೇನೂ ಕಡಿಮೆ ಇಲ್ಲ. ಆ ಅಧಿಕಾರ ನಡೆಸಲು ಬೇಕಾದ ಆಳು, ಜಾಗ, ಕಡತ, ಪೊಲೀಸರು ಯಾರ ಕೈಯಿಂದ ಬರಬೇಕು ಎಂಬುದನ್ನು ನೋಡಿದಾಗ ತೊಡಕು ಕಾಣುತ್ತದೆ.

ಈ ಹುದ್ದೆಯ ಬೇರು ಸ್ವೀಡನ್ನಿನದು. ಅಲ್ಲಿನ ರಾಜ ಹನ್ನೆರಡನೆಯ ಕಾರ್ಲ್ ಯುದ್ಧದಲ್ಲಿ ಸೋತು ತುರ್ಕರ ನೆಲದಲ್ಲಿ ವರ್ಷಗಟ್ಟಲೆ ಉಳಿದಿದ್ದಾಗ, ಊರಿನಲ್ಲಿ ಅಧಿಕಾರಿಗಳು ನೆಟ್ಟಗಿದ್ದಾರೋ ಇಲ್ಲವೋ ನೋಡಿಕೊಳ್ಳಲು 1713ರಲ್ಲಿ ಒಬ್ಬನನ್ನು ನೇಮಿಸಿದ. ಅವನು ರಾಜನ ಆಳು. 1809ರಲ್ಲಿ ಬೇರೊಬ್ಬ ರಾಜನನ್ನು ಪದಚ್ಯುತಗೊಳಿಸಿ ಹೊಸ ಸಂವಿಧಾನ ಬರೆದಾಗ ಸಂಸತ್ತು, ರಾಜನಿಗೆ ಒಬ್ಬ ಕಾವಲುಗಾರನಿದ್ದರೆ ನಮಗೂ ಒಬ್ಬ ಇರಲಿ ಎಂದು ತನ್ನದೇ ಒಂಬುಡ್ಸ್‌ಮನ್ ಹುದ್ದೆ ಹುಟ್ಟಿಸಿತು. ಮುಂದೆ ಡೆನ್ಮಾರ್ಕ್, ನಾರ್ವೆ, ನ್ಯೂಜಿಲೆಂಡ್‌ಗಳು ಇದೇ ದಾರಿ ಹಿಡಿದವು. ಬ್ರಿಟನ್ 1967ರಲ್ಲಿ ಹುದ್ದೆ ಮಾಡಿದರೂ ದೂರು ನೇರವಾಗಿ ಹೋಗುವಂತಿಲ್ಲ, ಸಂಸದನ ಮೂಲಕವೇ ಹೋಗಬೇಕು ಎಂದಿತು. ಈ ದೇಶಗಳ ಒಂಬುಡ್ಸ್‌ಮನ್‌ಗಳು ಸಾಮಾನ್ಯವಾಗಿ ಯಾರನ್ನೂ ಬಂಧಿಸುವುದಿಲ್ಲ. ದೂರು ನೋಡುತ್ತಾರೆ, ಕಡತ ತರಿಸುತ್ತಾರೆ, ತಪ್ಪಾಗಿದೆ ಎಂದು ಬರೆದು ಪ್ರಕಟಿಸುತ್ತಾರೆ. ಬರೆದದ್ದನ್ನು ಸರ್ಕಾರ ಪಾಲಿಸುತ್ತದೆ, ಪಾಲಿಸದಿದ್ದರೆ ಸಂಸತ್ತಿನಲ್ಲಿ ತಲೆತಗ್ಗಿಸಬೇಕಾಗುತ್ತದೆ.

ನಾಚಿಕೆ ಎಂಬುದು ಆಡಳಿತದಲ್ಲಿ ಕೆಲಸ ಮಾಡುವ ದೇಶಗಳಿಗೆ ಅಷ್ಟು ಸಾಕು. ನಮ್ಮಲ್ಲಿ ಅಷ್ಟು ಸಾಲದು ಅನ್ನಿಸಿದ್ದರಿಂದಲೇ ಕೈಗೆ ದೊಣ್ಣೆಯನ್ನೂ ಕೊಡಬೇಕೆಂಬ ಮಾತು ಬಂತು.

‘ಲೋಕಪಾಲ’ ಎಂಬ ಪದವನ್ನು 1963ರಲ್ಲಿ ಬಳಕೆಗೆ ತಂದವರು ಸಂಸದ ಎಲ್.ಎಂ. ಸಿಂಘ್ವಿ. ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದಿತು. 1968ರಲ್ಲಿ ಮಸೂದೆ ಬಂತು, ಮರುವರ್ಷ ಲೋಕಸಭೆ ಒಪ್ಪಿತು, ರಾಜ್ಯಸಭೆ ದಾಟುವ ಮೊದಲೇ ಲೋಕಸಭೆ ವಿಸರ್ಜನೆಯಾಗಿ ಬಿದ್ದುಹೋಯಿತು. ಅಲ್ಲಿಂದ ಮುಂದಿನ ನಾಲ್ಕು ದಶಕ ಅದೊಂದು ಸಾಂಸಾರಿಕ ನಾಟಕ. ಹಲವು ಸರ್ಕಾರಗಳು ಮಸೂದೆ ಮಂಡಿಸಿ ಕರ್ತವ್ಯ ಮುಗಿಸಿಕೊಂಡವು, ಪ್ರತಿ ಸಲವೂ ಏನಾದರೊಂದು ಅಡ್ಡ ಬಂತು. ಅಷ್ಟರಲ್ಲಿ ರಾಜ್ಯಗಳು ಮುಂದೆ ಹೋಗಿಯಾಗಿತ್ತು. ಒಡಿಶಾ, ಮಹಾರಾಷ್ಟ್ರಗಳು ಎಪ್ಪತ್ತರ ದಶಕದ ಹೊಸ್ತಿಲಲ್ಲೇ ಕಾಯ್ದೆ ಮಾಡಿದವು. ರಾಮಕೃಷ್ಣ ಹೆಗಡೆಯವರ ಸರ್ಕಾರ 1984ರಲ್ಲಿ ಮಾಡಿದ ಕರ್ನಾಟಕದ ಕಾಯ್ದೆ 1986ರ ಜನವರಿಯಲ್ಲಿ ಜಾರಿಗೆ ಬಂತು. ದೊಡ್ಡಣ್ಣನಿಗೆ ಹೆಣ್ಣು ಹುಡುಕುವಷ್ಟರಲ್ಲಿ ತಮ್ಮಂದಿರಿಗೆ ಮಕ್ಕಳಾದ ಹಾಗೆ.

2011ರ ಏಪ್ರಿಲ್‌ನಲ್ಲಿ ಅಣ್ಣಾ ಹಜಾರೆ ಜಂತರ್ ಮಂತರ್‌ನಲ್ಲಿ ಉಪವಾಸ ಕೂತ ಮೇಲೆ ಸರ್ಕಾರ ಮತ್ತು ಚಳವಳಿಯವರು ಸೇರಿ ಕರಡು ಬರೆಯುವ ಜಂಟಿ ಸಮಿತಿಯಾಯಿತು. ಅದರ ಮೇಜಿನ ಒಂದು ಕಡೆ ಕಾರ್ಕಳ ತಾಲ್ಲೂಕಿನ ನಿಟ್ಟೆಯ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಎದುರು ಕಡೆ ಕಾನೂನು ಸಚಿವ, ಅದೇ ಕಾರ್ಕಳದಿಂದ ಶಾಸಕರಾಗಿ ಬೆಳೆದ ವೀರಪ್ಪ ಮೊಯಿಲಿ. ದೇಶದ ಲೋಕಪಾಲ ಹೇಗಿರಬೇಕೆಂದು ಕಾರ್ಕಳದ ಇಬ್ಬರು ದೆಹಲಿಯಲ್ಲಿ ಕೂತು ವಾದಿಸುತ್ತಿದ್ದಾರೆಂದು ಆಗ ಕರಾವಳಿಯ ಸ್ನೇಹಿತರೊಬ್ಬರು ಹೆಮ್ಮೆಯಿಂದ ಹೇಳಿದ್ದರು. ಅವರ ಹೆಮ್ಮೆಗೆ ಇನ್ನೊಂದು ಕಾರಣವೂ ಇತ್ತು. ಮೊಯಿಲಿಯವರೇ ಅಧ್ಯಕ್ಷರಾಗಿದ್ದ ಎರಡನೆಯ ಆಡಳಿತ ಸುಧಾರಣಾ ಆಯೋಗ 2007ರಲ್ಲೇ ಈ ಹುದ್ದೆಗೆ ಸಾಂವಿಧಾನಿಕ ಸ್ಥಾನ ಕೊಡಿ, ‘ರಾಷ್ಟ್ರೀಯ ಲೋಕಾಯುಕ್ತ’ ಎಂದು ಕರೆಯಿರಿ ಎಂದಿತ್ತು.

ಆ ಸಲಹೆಗೆ ಏನಾಯಿತೆಂಬುದು ಮುಖ್ಯ. 2011ರ ಡಿಸೆಂಬರ್ ಕೊನೆಯಲ್ಲಿ ಲೋಕಸಭೆ ಲೋಕಪಾಲ ಮಸೂದೆಯನ್ನು ಅಂಗೀಕರಿಸಿತು. ಅದೇ ರಾತ್ರಿ ಅದಕ್ಕೆ ಸಾಂವಿಧಾನಿಕ ಸ್ಥಾನ ಕೊಡುವ ತಿದ್ದುಪಡಿ ಬೇಕಾದಷ್ಟು ಬಹುಮತ ಸಿಗದೆ ಸೋತಿತು. ಹಾಗಾಗಿ ಚುನಾವಣಾ ಆಯೋಗ, ಮಹಾಲೇಖಪಾಲರ ಹಾಗೆ ಲೋಕಪಾಲ ಸಂವಿಧಾನದ ಕೂಸಲ್ಲ. ಒಂದು ಕಾಯ್ದೆಯ ಕೂಸು. ಮಾಮೂಲಿ ಬಹುಮತವಿದ್ದವರು ಬೇಕೆಂದಾಗ ತಿದ್ದಬಹುದಾದದ್ದು. ಲೋಕಪಾಲ ಮತ್ತು ಲೋಕಾಯುಕ್ತ ಕಾಯ್ದೆ ಮುಂದೆ 2013ರ ಡಿಸೆಂಬರ್‌ನಲ್ಲಿ ಎರಡೂ ಸದನ ದಾಟಿ, 2014ರ ಜನವರಿಯಲ್ಲಿ ಜಾರಿಗೆ ಬಂತು.

ಇನ್ನು ಕುರ್ಚಿಯ ಕಥೆ. ಕಾಯ್ದೆಯ ಪ್ರಕಾರ ಲೋಕಪಾಲರನ್ನು ಆರಿಸುವ ಸಮಿತಿಯಲ್ಲಿ ಪ್ರಧಾನಿ, ಲೋಕಸಭಾಧ್ಯಕ್ಷರು, ಲೋಕಸಭೆಯ ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಹೆಸರಿಸುವ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಜೊತೆಗೊಬ್ಬ ಹೆಸರಾಂತ ಕಾನೂನು ತಜ್ಞ. 2014ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 44 ಸ್ಥಾನ. ಹತ್ತನೇ ಒಂದು ಭಾಗವೂ ಇಲ್ಲ ಎಂಬ ಕಾರಣಕ್ಕೆ ಅಧಿಕೃತ ವಿರೋಧ ಪಕ್ಷದ ನಾಯಕನ ಸ್ಥಾನ ಖಾಲಿ ಬಿತ್ತು. ವಿರೋಧ ಪಕ್ಷದ ನಾಯಕನೇ ಇಲ್ಲವಲ್ಲ, ಸಮಿತಿ ಕೂರುವುದು ಹೇಗೆ ಎಂದು ಸರ್ಕಾರ ಕೈಚೆಲ್ಲಿ ಕೂತಿತು.

ಅದೇ ವರ್ಷ ಸಿಬಿಐ ನಿರ್ದೇಶಕರನ್ನು ಆರಿಸುವ ಸಮಿತಿಗೂ ಇದೇ ತೊಡಕು ಎದುರಾಗಿತ್ತು. ಅಲ್ಲೂ ವಿರೋಧ ಪಕ್ಷದ ನಾಯಕ ಬೇಕಿತ್ತು. 2014ರ ನವೆಂಬರ್‌ನಲ್ಲಿ ಕಾಯ್ದೆಗೊಂದು ಪುಟ್ಟ ತಿದ್ದುಪಡಿ ತಂದರು: ಅಧಿಕೃತ ನಾಯಕನಿಲ್ಲದಿದ್ದರೆ ಅತಿದೊಡ್ಡ ವಿರೋಧ ಪಕ್ಷದ ನಾಯಕ ಸಾಕು. ಕೆಲಸ ಮುಗಿಯಿತು. ಲೋಕಪಾಲಕ್ಕೂ ಅದೇ ತಿದ್ದುಪಡಿಯ ಮಸೂದೆ ಡಿಸೆಂಬರ್‌ನಲ್ಲಿ ಬಂತು, ಸಂಸದೀಯ ಸಮಿತಿಗೆ ಹೋಯಿತು, ಕಾಯ್ದೆಯಾಗಲೇ ಇಲ್ಲ. ಒಂದೇ ರೋಗ, ಒಂದೇ ಮದ್ದು. ಒಬ್ಬ ರೋಗಿ ವಾರದಲ್ಲಿ ಎದ್ದು ಓಡಾಡಿದ, ಇನ್ನೊಬ್ಬ ಐದು ವರ್ಷ ಹಾಸಿಗೆ ಹಿಡಿದ. ಇದನ್ನು ಕಾನೂನಿನ ತೊಡಕು ಎಂದು ನಂಬಲು ನಾನು ತಯಾರಿಲ್ಲ.

2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಗಾಗಿ ಕಾಯಬೇಕಿಲ್ಲ, ಇರುವ ಕಾಯ್ದೆಯಲ್ಲೇ ನೇಮಕ ಮಾಡಬಹುದು ಎಂದು ಹೇಳಿದ ಮೇಲೂ ಕುರ್ಚಿ ತುಂಬಲಿಲ್ಲ. 2018ರಲ್ಲಿ ಸಮಿತಿಯ ಸಭೆ ಕರೆದಾಗ ಕಾಂಗ್ರೆಸ್ಸಿನ ಲೋಕಸಭಾ ನಾಯಕ, ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರನ್ನು ‘ವಿಶೇಷ ಆಹ್ವಾನಿತ’ರೆಂದು ಕರೆದರು. ಮತ ಹಾಕುವ ಹಕ್ಕಿಲ್ಲದ, ತನ್ನ ಮಾತು ನಡಾವಳಿಯಲ್ಲಿ ದಾಖಲಾಗದ ಆಹ್ವಾನ ತನಗೆ ಬೇಡ ಎಂದು ಅವರು ಪತ್ರ ಬರೆದು ಕೂತರು. ಮತ್ತೆ ಮತ್ತೆ ಕರೆದರು, ಮತ್ತೆ ಮತ್ತೆ ಹೋಗಲಿಲ್ಲ. ಮದುವೆ ಮನೆಗೆ ಬನ್ನಿ, ಪಂಕ್ತಿಯಲ್ಲಿ ಮಾತ್ರ ಕೂರಬೇಡಿ ಅಂದರೆ ಯಾರು ಹೋಗುತ್ತಾರೆ? ಖರ್ಗೆಯವರು ಮಾಡಿದ್ದು ಸರಿಯೇ. ಆದರೆ ಅವರಿಲ್ಲದೆಯೇ ನೇಮಕವಾದದ್ದರಿಂದ, ಸಮಿತಿಯಲ್ಲಿ ಆಳುವವರನ್ನು ಪ್ರಶ್ನಿಸಬೇಕಿದ್ದ ಏಕೈಕ ಕುರ್ಚಿ ಖಾಲಿಯೇ ಇದ್ದಂತಾಯಿತು. ಕೊನೆಗೆ ಸುಪ್ರೀಂ ಕೋರ್ಟ್ ಗಡುವು ಹಾಕಿದ ಮೇಲೆ, ಲೋಕಸಭಾ ಚುನಾವಣೆ ಘೋಷಣೆಯಾಗಿ ದೇಶವೆಲ್ಲ ಪ್ರಚಾರದಲ್ಲಿ ಮುಳುಗಿದ್ದ ಹೊತ್ತಿನಲ್ಲಿ, 2019ರ ಮಾರ್ಚ್ 23ರಂದು ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ಮೊದಲ ಲೋಕಪಾಲರಾಗಿ ಪ್ರಮಾಣವಚನ ತೆಗೆದುಕೊಂಡರು. ಆಯೋಗ ಶಿಫಾರಸು ಮಾಡಿ 53 ವರ್ಷವಾಗಿತ್ತು.

ಕೂರಲು ಜಾಗ? ಸ್ವಂತ ಕಟ್ಟಡವಿರಲಿಲ್ಲ. ದೇಶದ ಭ್ರಷ್ಟಾಚಾರ ವಿರೋಧಿ ಕಾವಲು ಸಂಸ್ಥೆ ತನ್ನ ಸಂಸಾರ ಹೂಡಿದ್ದು ದೆಹಲಿಯ ಅಶೋಕ ಹೋಟೆಲಿನಲ್ಲಿ. ತಿಂಗಳ ಬಾಡಿಗೆ ಸುಮಾರು 50 ಲಕ್ಷ ರೂಪಾಯಿ. ಆಮೇಲೆ ವಸಂತ್ ಕುಂಜ್‌ಗೆ ಹೋದರು ಅನ್ನಿ. ದೂರು ಯಾವ ನಮೂನೆಯಲ್ಲಿರಬೇಕು ಎಂಬ ನಿಯಮ ಹೊರಬಂದದ್ದು 2020ರ ಮಾರ್ಚ್‌ನಲ್ಲಿ, ಅಂದರೆ ಪ್ರಮಾಣವಚನವಾಗಿ ಹತ್ತಿರ ಹತ್ತಿರ ಒಂದು ವರ್ಷಕ್ಕೆ. ನಮೂನೆಯೇನೋ ಉದಾರವಾಗಿದೆ, ಕನ್ನಡದಲ್ಲೂ ದೂರು ಬರೆಯಬಹುದು. ಆದರೆ ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬೇಕು, ಘಟನೆ ನಡೆದು ಏಳು ವರ್ಷದೊಳಗಿರಬೇಕು, ದೂರು ಸುಳ್ಳೆಂದು ಸಾಬೀತಾದರೆ ದೂರುದಾರನಿಗೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. 2023ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಲೆಕ್ಕ ಕೇಳಿದಾಗ ಎರಡು ಸಂಗತಿ ಹೊರಬಿತ್ತು. ಬಹಳಷ್ಟು ದೂರುಗಳು ನಮೂನೆ ಸರಿಯಿಲ್ಲವೆಂದೇ ವಿಲೇವಾರಿಯಾಗಿದ್ದವು. ಅಲ್ಲಿಯವರೆಗೆ ಲೋಕಪಾಲವು ಒಬ್ಬನೇ ಒಬ್ಬನ ಮೇಲೂ ಭ್ರಷ್ಟಾಚಾರದ ಮೊಕದ್ದಮೆ ಹೂಡಿರಲಿಲ್ಲ.

ಇಷ್ಟೆಲ್ಲ ಓದಿ ಲೋಕಪಾಲವೆಂದರೆ ಹಲ್ಲಿಲ್ಲದ ಸಂಸ್ಥೆ ಎಂದು ತೀರ್ಮಾನಿಸಿದರೆ ಅದೂ ತಪ್ಪು. ಹಲ್ಲು ಎಣಿಸಿ ನೋಡಿ. ಅಧ್ಯಕ್ಷರ ಜೊತೆ ಎಂಟು ಜನ ಸದಸ್ಯರವರೆಗೆ ಇರಬಹುದು, ಅರ್ಧದಷ್ಟು ಜನ ನ್ಯಾಯಾಂಗದವರು. ಅಧ್ಯಕ್ಷರಿಗೆ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿಯ ಸಂಬಳ. ಖರ್ಚೆಲ್ಲ ಸಂಚಿತ ನಿಧಿಯಿಂದ, ವರ್ಷವರ್ಷ ಸಂಸತ್ತಿನ ಮತಕ್ಕೆ ಕಾಯಬೇಕಿಲ್ಲ. ಅವರನ್ನು ತೆಗೆಯಬೇಕಾದರೆ ನೂರು ಸಂಸದರು ಸಹಿ ಹಾಕಿ, ರಾಷ್ಟ್ರಪತಿ ಅದನ್ನು ಸುಪ್ರೀಂ ಕೋರ್ಟಿಗೆ ಕಳಿಸಿ, ಅಲ್ಲಿ ವಿಚಾರಣೆಯಾಗಬೇಕು. ಹುದ್ದೆ ಬಿಟ್ಟ ಮೇಲೆ ಸರ್ಕಾರದ ಬೇರೆ ಹುದ್ದೆ ಹಿಡಿಯುವಂತಿಲ್ಲ, ಐದು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಅತಿ ದೊಡ್ಡ ಹಲ್ಲು ಬೇರೆಯೇ ಇದೆ. ಅಧಿಕಾರಿಯೊಬ್ಬನ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕಲ್ಲ, ವರ್ಷಗಟ್ಟಲೆ ಕಡತ ಧೂಳು ತಿನ್ನುವ ಜಾಗ ಅದೇ. ಲೋಕಪಾಲದ ಪ್ರಕರಣಗಳಲ್ಲಿ ಆ ಅನುಮತಿ ಕೊಡುವವರು ಲೋಕಪಾಲರೇ. ಪ್ರಧಾನಿಯನ್ನೂ ವಿಚಾರಣೆಗೆ ಒಳಪಡಿಸಬಹುದು. ವಿದೇಶಾಂಗ, ಭದ್ರತೆ, ಅಣುಶಕ್ತಿ, ಬಾಹ್ಯಾಕಾಶದಂಥ ವಿಷಯಗಳು ಹೊರಗುಳಿಯುತ್ತವೆ, ಪೂರ್ಣ ಪೀಠ ಕೂತು ಮೂರನೇ ಎರಡು ಭಾಗ ಒಪ್ಪಬೇಕು, ವಿಚಾರಣೆ ಬಾಗಿಲು ಹಾಕಿಕೊಂಡೇ ನಡೆಯಬೇಕು. ಅದೇನೇ ಇರಲಿ, ಕಾಯ್ದೆಯಲ್ಲಿ ಪ್ರಧಾನಿಯ ಹೆಸರು ಬಂದದ್ದೇ ದೊಡ್ಡದು.

ಹಾಗಾದರೆ ಇಷ್ಟು ಹಲ್ಲಿದ್ದೂ ಕಚ್ಚಲಾಗದ್ದು ಯಾಕೆ? ಕಾಯ್ದೆಯ ಸಣ್ಣ ಅಕ್ಷರಗಳನ್ನು ನೋಡಬೇಕು. ಲೋಕಪಾಲದ ಕಾರ್ಯದರ್ಶಿಯನ್ನು ಆರಿಸುವುದು ಅಧ್ಯಕ್ಷರು, ಆದರೆ ಕೇಂದ್ರ ಸರ್ಕಾರ ಕಳಿಸುವ ಹೆಸರುಗಳ ಪಟ್ಟಿಯಿಂದ. ವಿಚಾರಣಾ ನಿರ್ದೇಶಕ, ಪ್ರಾಸಿಕ್ಯೂಷನ್ ನಿರ್ದೇಶಕ, ಇವರದೂ ಹಾಗೆಯೇ. ಪಟ್ಟಿ ಬಂದರೆ ಆಯ್ಕೆ, ಬರದಿದ್ದರೆ ಕಾಯುವುದು. ಲೋಕಪಾಲ ತನ್ನ ವಿಚಾರಣಾ ವಿಭಾಗ ಕಟ್ಟಿಕೊಂಡದ್ದು 2024ರಲ್ಲಿ, ಪ್ರಾಸಿಕ್ಯೂಷನ್ ವಿಭಾಗ 2025ರಲ್ಲಿ. ಕಾಯ್ದೆ ಬಂದು ಹತ್ತು ವರ್ಷ ದಾಟಿತ್ತು. ತನಿಖೆಗೆ ಸಿಬಿಐಯನ್ನು ಬಳಸಿಕೊಳ್ಳಬಹುದು, ತಾನು ಒಪ್ಪಿಸಿದ ಪ್ರಕರಣದಲ್ಲಿ ಅದರ ಮೇಲೆ ಮೇಲ್ವಿಚಾರಣೆಯ ಅಧಿಕಾರವೂ ಇದೆ, ಆ ಪ್ರಕರಣದ ಅಧಿಕಾರಿಯನ್ನು ತನ್ನ ಒಪ್ಪಿಗೆಯಿಲ್ಲದೆ ವರ್ಗ ಮಾಡುವಂತಿಲ್ಲ. ಇವೆಲ್ಲ ಒಳ್ಳೆಯ ಬೇಲಿಗಳು. ಆದರೂ ಆ ಅಧಿಕಾರಿಯ ಮುಂದಿನ ಬಡ್ತಿ, ಮುಂದಿನ ಊರು, ಮುಂದಿನ ಹತ್ತು ವರ್ಷದ ನೌಕರಿ ಇರುವುದು ಬೇರೆ ಕಡೆ. ಎರವಲು ತಂದ ಎತ್ತು ಎಷ್ಟು ಉತ್ತರೂ ಸಂಜೆಗೆ ಧಣಿಯ ಕೊಟ್ಟಿಗೆಗೇ ಹೋಗುತ್ತದೆ.

ಈ ಮಾತು ಪುಸ್ತಕದ್ದಲ್ಲ, ಕರ್ನಾಟಕ ಅನುಭವಿಸಿ ತಿಳಿದದ್ದು. ನಮ್ಮ ಲೋಕಾಯುಕ್ತದ ವಿಶೇಷವೆಂದರೆ ಅದಕ್ಕೆ ಎರಡು ಕೈ. ಒಂದು ಕೈ ಸ್ವೀಡನ್ನಿನ ಮಾದರಿಯದು: ಪಿಂಚಣಿ ಸಿಗಲಿಲ್ಲ, ಖಾತೆ ಆಗಲಿಲ್ಲ ಎಂಬ ಕುಂದುಕೊರತೆ ಕೇಳಿ, ವಿಚಾರಿಸಿ, ವರದಿ ಕೊಡುವುದು. ಲೋಕಪಾಲಕ್ಕೆ ಈ ಕೈ ಇಲ್ಲ, ಅದು ಬರೀ ಭ್ರಷ್ಟಾಚಾರ ನೋಡುತ್ತದೆ. ಇನ್ನೊಂದು ಕೈ ಪೊಲೀಸರದು, ‘ಲೋಕಾಯುಕ್ತ ಬಲೆಗೆ ಬಿದ್ದ’ ಎಂದು ಪತ್ರಿಕೆಯಲ್ಲಿ ನಾವು ದಿನಾ ಓದುವುದು ಈ ಕೈಯ ಕೆಲಸವನ್ನು.

ಬಲೆ ಹಾಕುವುದನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಅದರ ನಾಜೂಕು ಗೊತ್ತು. ನೋಟುಗಳನ್ನು ಸಾಮಾನ್ಯವಾಗಿ ದೂರುದಾರನೇ ತರುತ್ತಾನೆ. ಬೇರೆ ಇಲಾಖೆಯ ಇಬ್ಬರು ನೌಕರರು ಪಂಚರಾಗಿ ಕೂರುತ್ತಾರೆ. ನೋಟಿನ ನಂಬರು ಒಂದೊಂದಾಗಿ ಬರೆದುಕೊಂಡು, ಫಿನಾಲ್ಫ್ಥಲೀನ್ ಪುಡಿ ಸವರಿ, ದೂರುದಾರನ ಜೇಬಿಗೆ ಇಡುತ್ತಾರೆ. ಅಲ್ಲಿಂದ ಮುಂದೆ ಅವನು ಆ ಹಣ ಮುಟ್ಟುವಂತಿಲ್ಲ, ಕೇಳಿದಾಗ ಮಾತ್ರ ಕೊಡಬೇಕು. ಜೊತೆಗೊಬ್ಬ ಪಂಚ ಸಂಬಂಧಿಕನ ಹಾಗೆ ಹೋಗುತ್ತಾನೆ. ಹಣ ಕೈ ದಾಟಿದ ಕೂಡಲೇ ಟವೆಲಿನಿಂದ ಮುಖ ಒರೆಸಿಕೊಳ್ಳುವುದೋ, ತಲೆ ಸವರಿಕೊಳ್ಳುವುದೋ ಏನಾದರೊಂದು ಸನ್ನೆ. ಪೊಲೀಸರು ಒಳನುಗ್ಗಿ ಅಧಿಕಾರಿಯ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನ ಗಾಜಿನ ಲೋಟದಲ್ಲಿ ಅದ್ದಿಸುತ್ತಾರೆ. ತಿಳಿನೀರು ನೋಡನೋಡುತ್ತ ಗುಲಾಬಿಯಾಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಅರಗಿನ ಮುದ್ರೆ ಹಾಕಿ ಮಹಜರು ಬರೆಯುತ್ತಾರೆ. ಇಡೀ ಕೆಲಸ ನಿಂತಿರುವುದು ಗುಟ್ಟಿನ ಮೇಲೆ. ಬಲೆ ಹಾಕುವ ಇನ್‌ಸ್ಪೆಕ್ಟರ್ ಯಾರಿಗೆ ವರದಿ ಮಾಡುತ್ತಾನೆ ಎಂಬ ಪ್ರಶ್ನೆ ಅದಕ್ಕೇ ಜೀವನ್ಮರಣದ್ದು. ಅವನು ಲೋಕಾಯುಕ್ತರಿಗೆ ವರದಿ ಮಾಡಿದರೆ ಒಂದು, ಮುಖ್ಯಮಂತ್ರಿಯ ಕೈಕೆಳಗಿನ ಇಲಾಖೆಗೆ ವರದಿ ಮಾಡಿದರೆ ಇನ್ನೊಂದು. 2016ರ ಆದೇಶ ಬದಲಿಸಿದ್ದು ಇಷ್ಟನ್ನೇ.

ಹಾಗೆಂದು ಮೊದಲನೆಯ ಕೈಯನ್ನು ಕಡೆಗಣಿಸಬೇಡಿ. 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ವೆಂಕಟಾಚಲ ಹೇಳದೆ ಕೇಳದೆ ಸರ್ಕಾರಿ ಆಸ್ಪತ್ರೆ, ಕಚೇರಿಗಳಿಗೆ ನುಗ್ಗುತ್ತಿದ್ದುದನ್ನು, ಹಿಂದೆ ಟಿ.ವಿ. ಕ್ಯಾಮೆರಾ ಹೋಗುತ್ತಿದ್ದುದನ್ನು ನಮ್ಮ ತಲೆಮಾರಿನವರು ಮರೆತಿಲ್ಲ. ಅವರು ಬಳಸಿದ್ದು ಕಾನೂನಿಗಿಂತ ಹೆಚ್ಚು ಮರ್ಯಾದೆಯ ಭಯವನ್ನು. ಹಳ್ಳಿಯ ಅರಳಿಕಟ್ಟೆಯ ಮೇಲೂ ‘ಲೋಕಾಯುಕ್ತ’ ಎಂಬ ಪದ ಓಡಾಡತೊಡಗಿದ್ದು ಆಗ. ಅತಿಯಾಯಿತು ಎಂದವರೂ ಇದ್ದರು. ನನಗೂ ಕೆಲವೊಮ್ಮೆ ಹಾಗನ್ನಿಸಿತ್ತು, ಸಣ್ಣ ಗುಮಾಸ್ತನನ್ನು ಕ್ಯಾಮೆರಾ ಎದುರು ಬೈದರೆ ದೊಡ್ಡವರು ಮನೆಯಲ್ಲಿ ಕೂತು ನೋಡಿ ಆನಂದಿಸುತ್ತಾರೆ ಅಷ್ಟೆ ಎಂದು.

ಆ ದೊಡ್ಡವರ ಬಾಗಿಲಿಗೆ ಹೋದದ್ದು ವೆಂಕಟಾಚಲ ಅವರ ನಂತರ ಬಂದ ಸಂತೋಷ್ ಹೆಗ್ಡೆ. ಅಕ್ರಮ ಗಣಿಗಾರಿಕೆಯ ತನಿಖೆಯನ್ನು 2007ರಲ್ಲಿ ಲೋಕಾಯುಕ್ತಕ್ಕೆ ಒಪ್ಪಿಸಿದ್ದು ಸರ್ಕಾರವೇ. ಇಂಥ ವರದಿಗಳು ಕಪಾಟು ಸೇರುತ್ತವೆ ಎಂದುಕೊಂಡಿದ್ದರೋ ಏನೋ. 2008ರಲ್ಲಿ ಮೊದಲ ವರದಿ ಬಂತು. ಮುಂದೆ 2010ರಲ್ಲಿ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಗಟ್ಟಲೆ ಟನ್ ಅದಿರು ಹಡಗು ಹತ್ತಿ ಹೋಯಿತು. ಅದನ್ನು ಜಪ್ತಿ ಮಾಡಿದ್ದ ಕಾರವಾರದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಸರ್ಕಾರ ಹೊರಟಾಗ, ಆ ವರ್ಷದ ಜೂನ್‌ನಲ್ಲಿ ಹೆಗ್ಡೆ ರಾಜೀನಾಮೆ ಬಿಸಾಕಿದರು. ತನಗಾಗಿ ಕೆಲಸ ಮಾಡಿದವನನ್ನು ಕಾಯಲಾಗದ ಹುದ್ದೆ ತನಗೇಕೆ ಎಂಬುದು ಅವರ ಪ್ರಶ್ನೆ. ಎಲ್.ಕೆ. ಅಡ್ವಾಣಿಯವರ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡರು. ಅವರ ತಂದೆ ಕೆ.ಎಸ್. ಹೆಗ್ಡೆ 1973ರಲ್ಲಿ ತಮ್ಮ ಹಿರಿತನ ಬದಿಗೊತ್ತಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟಿನಿಂದ ಎದ್ದು ಬಂದವರು. ಆ ಮನೆಗೆ ರಾಜೀನಾಮೆ ಹೊಸದಲ್ಲ.

2011ರ ಜುಲೈ 27ರಂದು ಎರಡನೆಯ ವರದಿ ಸಲ್ಲಿಕೆಯಾಯಿತು. ನಾಲ್ಕು ದಿನಕ್ಕೆ, ಜುಲೈ 31ರಂದು, ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಯಾರೂ ಬಂಧಿಸಿರಲಿಲ್ಲ, ಕೋರ್ಟು ಶಿಕ್ಷೆ ಕೊಟ್ಟಿರಲಿಲ್ಲ. ಒಂದು ವರದಿ, ಅಷ್ಟೆ. ಕೋರ್ಟಿನ ದಾರಿ ಬೇರೆಯಾಯಿತು: ವರದಿಯನ್ನು ಆಧರಿಸಿ ಅವರ ಮೇಲೆ ಹಾಕಿದ್ದ ಎಫ್‌ಐಆರ್ ಅನ್ನು ಹೈಕೋರ್ಟ್ 2012ರ ಮಾರ್ಚ್‌ನಲ್ಲಿ ರದ್ದು ಮಾಡಿತು, ಸಿಬಿಐ ಹೂಡಿದ ಪ್ರಕರಣದಲ್ಲಿ 2016ರಲ್ಲಿ ಅವರು ಖುಲಾಸೆಯಾದರು. ಆ ಜುಲೈ ತಿಂಗಳಲ್ಲಿ ನಮ್ಮ ಲೋಕಾಯುಕ್ತದ ಸ್ವೀಡನ್ನಿನ ಕೈ ಎಷ್ಟು ಬಲವಾದದ್ದೆಂದು ರಾಜಕಾರಣಿಗಳೆಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಪಕ್ಷಭೇದವಿಲ್ಲದೆ.

ಅರ್ಥವಾದವರು ಏನು ಮಾಡಿದರು? ಕಾಯ್ದೆಯ ಒಂದಕ್ಷರ ಅಳಿಸಲಿಲ್ಲ. ಕುರ್ಚಿ ಖಾಲಿ ಬಿಟ್ಟರು. ಹೆಗ್ಡೆಯವರ ನಂತರ ಬಂದ ಶಿವರಾಜ ಪಾಟೀಲರು ನಿವೇಶನದ ವಿವಾದದಲ್ಲಿ ತಾವೇ ಕೆಲವೇ ವಾರದಲ್ಲಿ ಹುದ್ದೆ ಬಿಟ್ಟರು. 2011ರ ಸೆಪ್ಟೆಂಬರ್‌ನಿಂದ 2013ರ ಫೆಬ್ರವರಿವರೆಗೆ ಕರ್ನಾಟಕಕ್ಕೆ ಲೋಕಾಯುಕ್ತರೇ ಇರಲಿಲ್ಲ. ಮತ್ತೆ 2015ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ಇರಲಿಲ್ಲ. ಆ ಎರಡನೆಯ ಖಾಲಿ ಅವಧಿಯಲ್ಲೇ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿದ್ದು. ಕೇಂದ್ರವೂ ಇದೇ ಪಾಠ ಓದಿದೆ. ಘೋಷ್ ಅವರ ಅವಧಿ 2022ರ ಮೇ ತಿಂಗಳಲ್ಲಿ ಮುಗಿದ ಮೇಲೆ ಮುಂದಿನ ಲೋಕಪಾಲ ನ್ಯಾಯಮೂರ್ತಿ ಎ.ಎಂ. ಖಾನ್ವಿಲ್ಕರ್ ಪ್ರಮಾಣವಚನ ತೆಗೆದುಕೊಂಡದ್ದು 2024ರ ಮಾರ್ಚ್‌ನಲ್ಲಿ. ನಡುವಿನ ಇಪ್ಪತ್ತೊಂದು ತಿಂಗಳಿಗೂ ಮೀರಿ ಹಂಗಾಮಿ ಅಧ್ಯಕ್ಷರೇ ನಡೆಸಿದರು.

ಒಂದು ಕಹಿ ಸಂಗತಿಯನ್ನು ಬಿಡುವಂತಿಲ್ಲ. 2015ರಲ್ಲಿ ಲೋಕಾಯುಕ್ತ ಕಚೇರಿಯ ಒಳಗೇ, ದಾಳಿಯ ಹೆದರಿಕೆ ಹಾಕಿ ಅಧಿಕಾರಿಗಳಿಂದ ಹಣ ಕೇಳುತ್ತಿದ್ದಾರೆಂಬ ಆರೋಪ ಬಂತು. ಆಗಿನ ಲೋಕಾಯುಕ್ತರ ಮಗನೇ ಬಂಧನಕ್ಕೊಳಗಾದರು, ಲೋಕಾಯುಕ್ತ ವೈ. ಭಾಸ್ಕರ ರಾವ್ ಕೊನೆಗೆ ರಾಜೀನಾಮೆ ಕೊಟ್ಟರು. ಆ ವರ್ಷ ಬೇಲಿಯೇ ಹೊಲ ಮೇಯ್ದ ಗಾದೆಯನ್ನು ಬಳಸದ ಸಂಪಾದಕೀಯವಿರಲಿಲ್ಲ. ಸ್ವಾತಂತ್ರ್ಯ ಬೇಕೆಂದು ನಾವು ಕೂಗುವಾಗ ಯಾರಿಂದ ಎಂದಷ್ಟೇ ಹೇಳುತ್ತೇವೆ, ಅದು ಕೈತಪ್ಪಿದರೆ ಹೇಳುವವರು ಕೇಳುವವರು ಯಾರು ಎಂಬುದನ್ನು ಮರೆಯುತ್ತೇವೆ. ಕಚೇರಿಯೊಳಗಿನ ಆ ವ್ಯವಹಾರವನ್ನು ಬರೆದು ತಿಳಿಸಿದ್ದೂ ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಪೊಲೀಸ್ ಅಧಿಕಾರಿ ಎಂಬುದು ಮಾತ್ರ ಸಮಾಧಾನ.

ಲೋಕಪಾಲದ ವ್ಯಾಪ್ತಿ ಎಲ್ಲಿಯವರೆಗೆ ಎಂಬ ಪ್ರಶ್ನೆಯೂ ಕೋರ್ಟಿನ ಅಂಗಳಕ್ಕೆ ಬಂತು. ಹೈಕೋರ್ಟ್ ನ್ಯಾಯಮೂರ್ತಿಗಳೂ ತನ್ನ ವ್ಯಾಪ್ತಿಗೆ ಬರುತ್ತಾರೆಂದು 2025ರ ಜನವರಿ 27ರಂದು ಲೋಕಪಾಲ ಆದೇಶಿಸಿತು. ಫೆಬ್ರವರಿ 20ರಂದು ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡು ತಡೆಯಾಜ್ಞೆ ಕೊಟ್ಟಿತು. ನ್ಯಾಯಾಂಗದ ಸ್ವಾತಂತ್ರ್ಯ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ತನ್ನವರ ಮೇಲಿನ ದೂರನ್ನು ಯಾರು ನೋಡಬೇಕೆಂಬುದನ್ನು ತಾನೇ ತೀರ್ಮಾನಿಸುವಾಗ ನ್ಯಾಯಾಂಗಕ್ಕೂ ಸ್ವಲ್ಪ ಮುಜುಗರವಾಗಬೇಕಲ್ಲವೇ?

ಇತ್ತ ಕರ್ನಾಟಕದಲ್ಲಿ ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನಗಳ ಹಂಚಿಕೆಯ ವಿಷಯದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ವಿಶೇಷ ನ್ಯಾಯಾಲಯದ ಆದೇಶದಂತೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ಎಫ್‌ಐಆರ್ ದಾಖಲಿಸಿದ್ದು ಲೋಕಾಯುಕ್ತ ಪೊಲೀಸರು. ಅಧಿಕಾರದಲ್ಲಿರುವ ಮುಖ್ಯಮಂತ್ರಿಯನ್ನು ಅವರು ಕರೆಸಿ ಪ್ರಶ್ನಿಸಿದ್ದೂ ಆಯಿತು. ಮುಖ್ಯಮಂತ್ರಿಯ ಕೈಕೆಳಗಿನ ಪೊಲೀಸರು ಮುಖ್ಯಮಂತ್ರಿಯನ್ನು ತನಿಖೆ ಮಾಡುವುದುಂಟೇ, ಸಿಬಿಐಗೆ ಕೊಡಿ ಎಂದು ದೂರುದಾರರು ಹೈಕೋರ್ಟಿಗೆ ಹೋದರು. ಲೋಕಾಯುಕ್ತದ ಸ್ವಾತಂತ್ರ್ಯವನ್ನು ಶಂಕಿಸಲು ಕಾರಣವಿಲ್ಲವೆಂದು 2025ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಅದೇ ತಿಂಗಳು ಲೋಕಾಯುಕ್ತ ಪೊಲೀಸರು ಸಾಕ್ಷ್ಯ ಸಾಲದೆಂದು ಬಿ ರಿಪೋರ್ಟ್ ಹಾಕಿದರು. ತನಿಖೆ ಸರಿಯಿತ್ತೋ ಇಲ್ಲವೋ ಎಂದು ಹೇಳಲು ನಾನು ಯಾರು. ಆದರೆ ಸರಿಯಿತ್ತು ಎಂದು ನಂಬಲು ಅರ್ಧ ರಾಜ್ಯ ತಯಾರಿರಲಿಲ್ಲ, ಸರಿಯಿರಲಿಲ್ಲ ಎಂದು ನಂಬಲು ಇನ್ನರ್ಧ ತಯಾರಿರಲಿಲ್ಲ. ಆ ಪೊಲೀಸರ ವರ್ಗಾವಣೆಯ ಕಡತಕ್ಕೆ ಯಾರು ಸಹಿ ಹಾಕುತ್ತಾರೆಂಬುದು ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಪೌತಿ ಖಾತೆ ಕೊನೆಗೂ ಆಯಿತು. ಪಹಣಿಯಲ್ಲಿ ಹೆಸರು ಬಂದ ದಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ರೈತರೊಬ್ಬರನ್ನು ಕೇಳಿದೆ: ನಿಮ್ಮ ಪೋಡಿ ಕೆಲಸ ಇಷ್ಟು ದಿನ ನಿಂತಿದೆಯಲ್ಲ ಯಜಮಾನ್ರೇ, ಆ ನಂಬರಿಗೆ ಒಂದು ಫೋನು ಮಾಡಬಾರದೇ? ಅವರು ಬೋರ್ಡನ್ನು ನೋಡಿದರು, ಸರ್ವೆಯವರ ಕೋಣೆಯ ಬಾಗಿಲನ್ನು ನೋಡಿದರು. ‘ಮಾಡಬೌದು ಸ್ವಾಮಿ. ಮಾಡಿದ್ ಮ್ಯಾಲೆ ನಾನು ಬರಬೇಕಾದ್ದು ಇದೇ ಕಚೇರಿಗಲ್ವಾ’ ಅಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.